ಹಿಡಿಕೆಯಿಲ್ಲದ ಬಾಗಿಲು

ಬಾಗಿಲು ಮುಚ್ಚಿಕೊಂಡ ಮೇಲೆಯೇ ದಫೇದಾರಮ್ಮ ಗಮನಿಸಿದ್ದು, ಅದಕ್ಕೆ ಒಳಗಡೆ ಹಿಡಿಕೆಯೇ ಇರಲಿಲ್ಲ.

ಹಿಡಿಕೆ ಇರಬೇಕಾದಲ್ಲಿ ಚೌಕವಾದ ಒಂದು ತೂತಿತ್ತು. ಸುತ್ತಲಿನ ತಗಡು ಕೈಯಾಡಿ ಆಡಿ ನುಣುಪಾಗಿತ್ತು. ಅಂದರೆ ಇಲ್ಲಿಂದ ಹೊರಗೆ ಹೋಗುವವರು ಒಂದು ಕಾಲಕ್ಕೆ ತಾವೇ ಬಾಗಿಲು ತೆರೆದುಕೊಂಡು ಹೋಗುತ್ತಿದ್ದರು.

“ಹಿಡಿಕೆ ಎಲ್ಲಿ, ಯಜಮಾನ್ರೇ?” ಎಂದು ಆಕೆ ಬಾಗಿಲಿಗೇ ಕೇಳಿದಳು.

ಉತ್ತರ ಬಾಗಿಲಿನಿಂದ ಬರಲಿಲ್ಲ. ತಲೆಯ ಮೇಲಿದ್ದ ಪುಟ್ಟ ಸ್ಪೀಕರಿನಿಂದ ಬಂತು. “ಅದಾ? ಗಡಗಡ ಅಂತಿತ್ತು ದಫೇದಾರಮ್ಮ. ರೆಕಾರ್ಡಿಂಗಲ್ಲೂ ಕೇಳಿಸ್ತಿತ್ತು. ಅದಕ್ಕೇ ಬಿಚ್ಚಿಬಿಟ್ವಿ. ನಿಮ್ಮ ಮಾತು ಮುಗಿದ ಮೇಲೆ ಒಂದು ಕೂಗು ಹಾಕಿ, ನಾನೇ ತೆಗೀತೀನಿ.”

ಪೊಲೀಸ್ ಕೆಲಸ ಬಿಟ್ಟ ಮೇಲೂ ಜನರ ಬಾಯಲ್ಲಿ ದಫೇದಾರಮ್ಮನಾಗಿಯೇ ಉಳಿದಿದ್ದ ಆಕೆ ಇಲ್ಲಿಗೆ ಬಂದದ್ದು ಒಬ್ಬ ಕತೆಗಾರ್ತಿಯನ್ನು ಹುಡುಕಿಕೊಂಡು. ಓದಿ ಕೇಳಿಸುವ ಧಾರಾವಾಹಿ ಪ್ರತಿ ವಾರ ಜನರ ಫೋನಿಗೆ ಬರುತ್ತಲೇ ಇದೆ, ಅದನ್ನು ಬರೆಯುವ ತಂಗಿ ಮಾತ್ರ ಮಳೆಗಾಲದಿಂದ ಕಣ್ಣಿಗೆ ಬಿದ್ದಿಲ್ಲ ಎಂದು ಕತೆಗಾರ್ತಿಯ ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಬಂದು ಕೇಳಿಕೊಂಡಿದ್ದಳು. “ಇವತ್ತೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೋಗಿ. ಆಗ ನನ್ನ ತಮ್ಮ ಗೋದಾಮಿನಲ್ಲೇ ಇರ್ತಾನೆ” ಎಂದೂ ಹೇಳಿದ್ದಳು.

ತಮ್ಮ ಇದ್ದ. ಈ ಗೋದಾಮಿನ ಯಜಮಾನ ಅವನೇ. ಹಿಂದೆ ಇದು ಆಲೂಗಡ್ಡೆ ಇಡುವ ಶೈತ್ಯಾಗಾರ. ಯಂತ್ರ ಕೆಟ್ಟು, ಆಲೂಗಡ್ಡೆ ಕೊಳೆತು, ರೈತರು ಬಾಯಿಗೆ ಬಂದಂತೆ ಬೈದು ಹೋದ ಮೇಲೆ ಖಾಲಿ ಬಿದ್ದಿತ್ತು. ಮೊಳ ದಪ್ಪದ ಗೋಡೆ, ಒಳಗೆಲ್ಲ ಬೆಂಡಿನ ಹಲಗೆ. ಹೊರಗಿನ ಸದ್ದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಕತೆ ಓದಿಸಿ ಕೇಳಿಸುವ ಕಂಪನಿಯವರು ಇಂಥದೇ ಕೋಣೆ ಬೇಕೆಂದಾಗ ಅವನಿಗೆ ಹಾಳುಬಿದ್ದ ಗೋದಾಮು ನೆನಪಾಗಿತ್ತು.

ಜಗಲಿಯ ಮೇಲೆ ಅವನು ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದ. ಮೇಜಿನ ಮೇಲೆ ಚಹಾದ ಎರಡು ಲೋಟ, ಎರಡರಲ್ಲೂ ಹಬೆ ಏಳುತ್ತಿತ್ತು. “ಒಂದು ನಿಮಗೇ” ಎಂದು ಮುಂದೆ ಸರಿಸಿದ. ತಾನು ಬರುವುದು ಇವನಿಗೆ ಹೇಗೆ ಗೊತ್ತಾಯಿತೆಂದು ದಫೇದಾರಮ್ಮ ಕೇಳಲಿಲ್ಲ. ಲೋಟವನ್ನೂ ಮುಟ್ಟಲಿಲ್ಲ.

“ಚಿಕ್ಕಕ್ಕ ಆರಾಮಾಗಿದ್ದಾಳೆ. ಕತೆ ಬರೆಯೋಕೆ ಸದ್ದುಗದ್ದಲ ಇಲ್ಲದ ಜಾಗಕ್ಕೆ ಹೋಗಿದ್ದಾಳೆ, ಅಲ್ಲಿಂದ್ಲೇ ಕಳಿಸ್ತಾಳೆ” ಎಂದಿದ್ದ ಅವನು. “ನಂಬಿಕೆ ಇಲ್ದಿದ್ರೆ ಕತೆ ಓದೋ ಹುಡುಗೀನೇ ಕೇಳಿ. ನಮ್ಮಣ್ಣನ ಮಗಳು. ಅಣ್ಣ ಹೋದ ಮೇಲೆ ನಾನೇ ಸಾಕಿದ್ದು. ಪೊಲೀಸಿನವರಿಗೆ ಕತೆ ಕೇಳಿ ರೂಢಿ ಇರುತ್ತೆ ಬಿಡಿ, ಕಳ್ಳರು ದಿನಾ ಹೇಳ್ತಿರ್ತಾರಲ್ಲ.”

ಆಮೇಲೆ ಆಕೆಯ ಫೋನು ಇಸಿದುಕೊಂಡು ಮೇಜಿನ ಮೇಲಿಟ್ಟ. ಒಳಗೆ ಒಯ್ದರೆ ಮೈಕಿನಲ್ಲಿ ಗುಂಯ್ ಎನ್ನುತ್ತದಂತೆ.

ಈಗ ಆ ಹುಡುಗಿ ಎದುರಿಗಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ಸ್ಪೀಕರಿನ ಕಡೆ ಒಮ್ಮೆ, ದಫೇದಾರಮ್ಮನ ಕಡೆ ಒಮ್ಮೆ ನೋಡುತ್ತಿದ್ದಳು. ಮದುವೆಯ ವಯಸ್ಸು. ಮುಖ ಮಾತ್ರ ಅಂಗಳದಲ್ಲಿ ಬುಟ್ಟಿ ಮಗುಚಿಟ್ಟ ಜಾಗದ ಹುಲ್ಲಿನ ಹಾಗೆ ಬಿಳಿಚಿಕೊಂಡಿತ್ತು.

ಮೇಲೆ ಎಲ್ಲೋ ತಿರುಗುತ್ತಿದ್ದ ಗಾಳಿಯ ಫ್ಯಾನು ಗರ್ ಎಂದು ನಿಧಾನವಾಗಿ ನಿಂತಿತು. ದೀಪ ಆರಲಿಲ್ಲ.

“ಕರೆಂಟು ಹೋಗಿಲ್ವಲ್ಲ” ಎಂದಳು ದಫೇದಾರಮ್ಮ.

“ಸ್ವಿಚ್ಚು ಹೊರಗಿದೆ. ನಾನು ಸುಮ್ನೆ ಕೂತ್ರೆ ಚಿಕ್ಕಪ್ಪ ನಿಲ್ಲಿಸ್ತಾರೆ.” ಹುಡುಗಿಯ ದನಿ ಕೇಳಿ ದಫೇದಾರಮ್ಮನಿಗೆ ಒಂದು ಗಳಿಗೆ ವಿಚಿತ್ರವೆನಿಸಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಳೆ ಕೀಳುವ ಹೆಂಗಸರ ಸೊಂಟಕ್ಕೆ ಸಿಕ್ಕಿಸಿದ ಫೋನಿನಲ್ಲಿ ಕೇಳಿದ್ದ ದನಿ ಅದು. ದೊಡ್ಡ ದನಿ. ಅದು ಇಷ್ಟು ಸಣ್ಣ ಮೈಯೊಳಗಿಂದ ಬರುತ್ತಿತ್ತು.

ದಫೇದಾರಮ್ಮ ಅವಸರ ಮಾಡಲಿಲ್ಲ. ಕೋಣೆಯನ್ನು ಒಂದು ಸುತ್ತು ನೋಡಿದಳು. ಗೋಡೆಗೆಲ್ಲ ಹಳೆಯ ರಜಾಯಿ, ಗೋಣಿ ಹೊದಿಸಿದ್ದರು. ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಹಗ್ಗದ ಮೇಲೆ ಒಣಹಾಕಿದ ಲಂಗ. ಕಿಟಕಿಯಿಲ್ಲದ ಗೋಡೆಗೆ ಒರಗಿಸಿದ ಕನ್ನಡಿ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು. ಮೇಜಿನ ಮೇಲೆ ಮೈಕು. ಅದರ ಮೇಲೆ ಧೂಳು ಕೂರದಿರಲೆಂದೋ ಏನೋ ಒಂದು ದಪ್ಪ ಟವೆಲು. ಪಕ್ಕದಲ್ಲಿ ಕವುಚಿ ಹಾಕಿದ ಟ್ಯಾಬು.

“ಹಗಲು ಬಂದು ಓದಿ ಹೋಗೋರಿಗೆ ಚಾಪೆ ಯಾಕಮ್ಮ?”

ಹುಡುಗಿ ಮತ್ತೆ ಸ್ಪೀಕರಿನ ಕಡೆ ನೋಡಿದಳು.

“ಹೋಗ್ಲಿ. ನಿಮ್ಮತ್ತೆ ಎಲ್ಲಿ?”

“ಬರೀತಿದ್ದಾರೆ.” ಬಾಯಿಪಾಠ ಒಪ್ಪಿಸಿದ ಹಾಗಿತ್ತು.

“ಸರಿ, ಹಾಗಾದ್ರೆ ನಾನೊಂದು ಹೇಳ್ತೀನಿ, ಕೇಳು.” ದಫೇದಾರಮ್ಮ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಳು. ಮಂಡಿ ಲಟಕ್ ಎಂದಿತು. “ನಾನು ಓದೋಳಲ್ಲ. ಕೇಳೋಳು. ನಿಮ್ಮತ್ತೆ ಹೊಸದಾಗಿ ಶುರು ಮಾಡಿದಾಗಿಂದ್ಲೂ ಕೇಳ್ತಿದ್ದೀನಿ. ಆಕೆ ಹೊರಗಡೆ ಯಾವ ಕಾಲವೋ ಕತೆಯಲ್ಲೂ ಅದೇ ಕಾಲ ತರ್ತಿದ್ರು. ಇಲ್ಲಿ ಬಿತ್ತಿದ್ರೆ ಅಲ್ಲೂ ಬಿತ್ತೋರು. ಇಲ್ಲಿ ಮಂಜು ಬಿದ್ರೆ ಅಲ್ಲಿ ಸೊಸೆ ಸೆರಗು ಹೊದ್ಕೊಳ್ಳೋಳು. ಹೌದಾ?”

“ಹೂಂ.”

“ಈ ಕೋಲ್ಡ್ ಸ್ಟೋರೇಜಿನ ಮುಂದೆ ಇರೋದು ಯಾವ ಬೆಳೆ?”

“ಮುಸುಕಿನ ಜೋಳ.”

“ಹೇಗಿದೆ ಈಗ?”

ಹುಡುಗಿ ಕಣ್ಣು ಮುಚ್ಚಿಕೊಂಡಳು. ನೆನಪಿನಿಂದ ಏನನ್ನೋ ತೆಗೆಯುವವಳ ಹಾಗೆ. “ಆಳೆತ್ತರ ಇದೆ. ತೆನೆ ತುದೀಲಿ ಹಸಿ ಕೂದಲು. ಗಾಳಿ ಬೀಸಿದ್ರೆ ಮೇಲಿನ ಹೂವಿಂದ ಪುಡಿ ಉದುರುತ್ತೆ.”

“ಹೋದ ವಾರದ ಕಂತಿನಲ್ಲೂ ಇದೇ ಇತ್ತು. ಅದರ ಹಿಂದಿನದರಲ್ಲೂ.” ದಫೇದಾರಮ್ಮ ದನಿ ತಗ್ಗಿಸಿದಳು. “ಜೋಳ ಕುಯ್ದು ಎಷ್ಟೋ ದಿನ ಆಯ್ತಮ್ಮ. ದಂಟು ಮೆದೆ ಹಾಕಿದ್ದಾರೆ. ಈಗಿರೋದು ಬರೀ ಕೂಳೆ. ನಿಮ್ಮತ್ತೆ ಎಲ್ಲೇ ಕೂತ್ಕೊಂಡು ಬರೆದ್ರೂ ಇದೊಂದು ತಪ್ಪು ಮಾಡೋರಲ್ಲ. ಇದನ್ನ ಬರೆದಿರೋರು ತೆನೆಗೆ ಕೂದಲು ಬಂದಾಗಿಂದ ಹೊರಗೆ ಬಂದಿಲ್ಲ. ಆಕೇನ ಎಲ್ಲೋ ಕೂಡಿಹಾಕಿದ್ದಾರೆ ಅಂದ್ಕೊಂಡೇ ನಾನು ಬಂದದ್ದು.”

ಆಕೆ ಚಾಪೆಯ ಕಡೆ ನೋಡಿದಳು. ಲಂಗದ ಕಡೆ ನೋಡಿದಳು. ಕೊನೆಗೆ ಆ ಬಿಳಿಚಿದ ಮುಖ ನೋಡಿದಳು.

“ಕೂಡಿಹಾಕಿರೋದು ಆಕೇನ ಅಲ್ಲ. ಅಲ್ವಾ?”

ಹುಡುಗಿ ಅಳಲಿಲ್ಲ. “ಜೋಳ ಕುಯ್ದುಬಿಟ್ರಾ?” ಎಂದಷ್ಟೇ ಕೇಳಿದಳು.

ಕತೆಗಾರ್ತಿಯನ್ನಾದರೂ ಹುಡುಕುವವರಿದ್ದರು. ಈ ಹುಡುಗಿಯನ್ನು ಯಾರೂ ಹುಡುಕಲಿಲ್ಲ. ವಾರ ವಾರ ಮನೆಮನೆಯಲ್ಲಿ ದನಿ ಕೇಳುತ್ತಿರುವಾಗ ದನಿಯವಳು ಕಾಣೆಯಾಗಿದ್ದಾಳೆಂದು ಯಾರಿಗೆ ತಾನೆ ಹೊಳೆಯಬೇಕು?

“ಅತ್ತೆ ಬರೆಯೋದು ಬಿಟ್ಟು ಹೋದ್ರು” ಎಂದಳು ಹುಡುಗಿ. ಒಮ್ಮೆ ಕಟ್ಟೆ ಒಡೆದ ಮೇಲೆ ಮಾತು ತಾನಾಗಿ ಹರಿಯಿತು. “ಕಂಪನಿಯವರು ಒಂದು ಗೆರೆ ಕಳಿಸ್ತಾರೆ. ಜನ ಎಲ್ಲಿವರೆಗೆ ಕೇಳಿದ್ರು, ಎಲ್ಲಿ ಎದ್ದು ಹೋದ್ರು ಅಂತ. ಜಗಳ ಬಂದ್ರೆ ಗೆರೆ ಏರುತ್ತೆ. ಬಾಗಿಲು ಬಡಿದ್ರೆ ಏರುತ್ತೆ. ಅತ್ತೆ ಹೊಲದ ಬಗ್ಗೆ ಬರೆದ್ರೆ ಇಳಿದುಬಿಡುತ್ತೆ. ಹೊಲ ತೆಗಿ ಅಕ್ಕ ಅಂತ ಚಿಕ್ಕಪ್ಪ. ಹೊಲ ತೆಗೆದ್ರೆ ಆ ಜನ ಎಲ್ಲಿ ನಿಂತ್ಕೋಬೇಕೋ ಅಂತ ಅತ್ತೆ. ಒಂದಿನ ನಾನು ಜ್ವರ ಬಂದು ಮನೇಲಿ ಮಲಗಿದ್ದೆ. ಅವತ್ತೇ ಇಬ್ಬರಿಗೂ ಜೋರು ಜಗಳ ಆಗಿ ಅತ್ತೆ ಹೋಗಿಬಿಟ್ರು. ಬಿಚ್ಚಿ ಇಲ್ಲೇ ಮೊಳೆಗೆ ತೂಗುಹಾಕಿದ್ದ ಹಿಡಿಕೇನೂ ಅವತ್ತೇ ಕಾಣೆ. ಅದನ್ನೂ ಹೊತ್ಕೊಂಡು ಹೋದ್ಲು ಅಂತಾರೆ ಚಿಕ್ಕಪ್ಪ.”

“ಆಮೇಲೆ ನೀನೇ ಬರೆದೆ.”

“ದಿನಾ ಓದಿ ಓದಿ ಅವರ ಧಾಟಿ ಬಾಯಿಗೆ ಬಂದಿತ್ತು. ಅತ್ತೆ ಬರೋವರೆಗೆ ನೀನು ಬರಿ ಅಂದ್ರು. ಬರೆದೆ. ಒಂದು ವಾರ ಬಾಗಿಲು ಹಾಕ್ಕೊಂಡ್ರು, ಬೇಗ ಮುಗೀಲಿ ಅಂತ ಅಂದ್ರು. ಮತ್ತೆ ತೆಗೀಲೇ ಇಲ್ಲ. ಬೆಳಗಿನ ಜಾವ ಹಿತ್ತಿಲ ಬಚ್ಚಲಿಗೆ ಕರ್ಕೊಂಡು ಹೋಗ್ತಾರೆ, ನಾಲ್ಕು ಕಡೆ ಗೋಡೆ. ಕತೆ ಮುಗಿದ ದಿನ ಹೊರಗೆ ಬಿಡ್ತೀನಿ ಅಂತ ಅಪ್ಪನ ಆಣೆ ಇಟ್ಟಿದ್ದಾರೆ.”

“ಮುಗಿಸಬೇಕಿತ್ತು.”

“ಮುಗಿಸೋಕೆ ನೋಡಿದೆ.” ಹುಡುಗಿ ಮೊದಲ ಬಾರಿ ನಕ್ಕಳು. ನೋಡಲು ಹಿತವಾದ ನಗು ಅಲ್ಲ. “ಸೊಸೇನ ಅತ್ತೆಮನೆಯವರು ಕೋಣೇಲಿ ಕೂಡಿಹಾಕ್ತಾರೆ ಅಂತ ಬರೆದೆ. ಯಾರಿಗಾದ್ರೂ ಅರ್ಥ ಆಗ್ಲಿ ಅಂತ. ಅದೇ ಜನಕ್ಕೆ ಹಿಡಿಸ್ತು. ಗೆರೆ ಏರಿದ್ದು ಇಳೀಲೇ ಇಲ್ಲ. ಎಷ್ಟೋ ಕಂತಿನ ಕೊನೆಗೆ ಓಟು ಹಾಕಿಸ್ತಾರಲ್ಲ, ಬಾಗಿಲು ತೆಗೀಬೇಕಾ ಬೇಡ್ವಾ ಅಂತ. ಪ್ರತಿ ಸಲ ‘ಬೇಡ’ವೇ ಗೆಲ್ಲುತ್ತೆ. ಇನ್ನೊಂಚೂರು ಇರ್ಲಿ, ಮಜಾ ಬರ್ತಿದೆ ಅಂತ ಕಾಮೆಂಟು ಹಾಕ್ತಾರೆ.”

ದಫೇದಾರಮ್ಮನಿಗೆ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಕಳೆದ ತಿಂಗಳು, ಪಾತ್ರೆ ತೊಳೆದು ಕೈ ಒರೆಸಿಕೊಂಡು, ಆಕೆಯೂ ಒಮ್ಮೆ ಓಟು ಒತ್ತಿದ್ದಳು. ಯಾವುದನ್ನು ಒತ್ತಿದ್ದೆನೆಂದು ಚೆನ್ನಾಗಿ ನೆನಪಿತ್ತು.

“ಸೆಕೆ” ಎಂದಳು ಸುಮ್ಮನೆ.

“ಫ್ಯಾನು ನಿಲ್ಲಿಸಿ ತುಂಬ ಹೊತ್ತಾಯ್ತು.” ಹುಡುಗಿ ಮೇಲೆ ನೋಡಿದಳು. “ಇಷ್ಟು ಹೊತ್ತು ನಿಲ್ಲಿಸಲ್ಲ ಅವರು. ಇಷ್ಟು ಹೊತ್ತು ನಿಲ್ಲಿಸೋದು ಬರೀ ರೆಕಾರ್ಡಿಂಗ್...”

ಅವಳು ಮಾತು ನುಂಗಿದಳು. ಎದ್ದು ಹೋಗಿ ಮೈಕಿನ ಮೇಲಿದ್ದ ಟವೆಲು ಎಳೆದಳು.

ಮೈಕಿನ ಬುಡದಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಕವುಚಿ ಬಿದ್ದಿದ್ದ ಟ್ಯಾಬನ್ನು ದಫೇದಾರಮ್ಮ ಎತ್ತಿ ತಿರುಗಿಸಿದಳು. ಪರದೆಯ ಮೇಲೆ ‘ನೇರ ಕಂತು’ ಎಂದಿತ್ತು. ಅದರ ಕೆಳಗೆ ಕಾಮೆಂಟುಗಳು ಇರುವೆ ಸಾಲಿನ ಹಾಗೆ ಮೇಲೆ ಹತ್ತುತ್ತಿದ್ದವು.

‘ಜೋಳದ ಪಾಯಿಂಟು ಸೂಪರ್.’ ‘ಈ ದಫೇದಾರಮ್ಮನ ಪಾತ್ರ ಯಾರು ಮಾಡ್ತಿರೋದು? ಥೇಟ್ ನಮ್ಮ ಸೋದರತ್ತೆ ಮಾತಾಡಿದ ಹಾಗಿದೆ.’ ‘ಮಂಡಿ ಲಟಕ್ ಅಂದ ಸದ್ದು ಎಷ್ಟು ನಿಜ ಇತ್ತು.’

“ನಮ್ಮ ಮಾತೆಲ್ಲ ಹೋಗ್ತಿದೆ. ಇದ್ರಲ್ಲಿ ಓದ್ಬಹುದು ಅಷ್ಟೆ, ನಾವು ಏನೂ ಬರೆದು ಕಳಿಸೋಕಾಗಲ್ಲ” ಎಂದಳು ಹುಡುಗಿ. “ಈ ವಾರ ನಾನು ಒಂದಕ್ಷರ ಬರೆದಿರಲಿಲ್ಲ. ಆಗಲ್ಲ ಅಂತ ಕೂತುಬಿಟ್ಟಿದ್ದೆ.”

“ಹೋಗ್ಲಿ ಬಿಡು. ಒಳ್ಳೇದೇ ಆಯ್ತು.” ದಫೇದಾರಮ್ಮ ಮೈಕಿನ ಹತ್ತಿರಕ್ಕೆ ಬಂದಳು. ಠಾಣೆಯಲ್ಲಿ ವೈರ್‌ಲೆಸ್ಸಿಗೆ ಮಾತಾಡುತ್ತಿದ್ದ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. “ಕೇಳ್ತಿರೋರೆಲ್ಲ ಕೇಳಿ. ಇದು ಕತೆ ಅಲ್ಲ. ನಾನು ಪಾತ್ರ ಅಲ್ಲ. ಈ ಹುಡುಗೀನ ನಿಜವಾಗಿ ಕೂಡಿಹಾಕಿದ್ದಾರೆ. ಹಳೇ ಆಲೂಗಡ್ಡೆ ಕೋಲ್ಡ್ ಸ್ಟೋರೇಜು, ಜೋಳದ ಹೊಲದ ಎದುರಿಗೆ. ಹತ್ತಿರ ಇರೋರು ಯಾರಾದ್ರೂ ಠಾಣೆಗೆ ಫೋನು ಮಾಡಿ.”

ಕಾಮೆಂಟುಗಳು ಒಂದು ಗಳಿಗೆ ನಿಂತವು. ಆಮೇಲೆ ಜಡಿಮಳೆಯ ಹಾಗೆ ಸುರಿದವು.

‘ಮೈ ಜುಂ ಅಂತು.’ ‘ಏನು ಆ್ಯಕ್ಟಿಂಗು.’ ‘ಇದು ಕತೆ ಅಲ್ಲ ಅಂತ ಹೇಳೋ ಐಡಿಯಾ ಯಾರದು, ಅವರಿಗೊಂದು ನಮಸ್ಕಾರ.’

ಅದರ ಕೆಳಗೆ ಓಟಿನ ಎರಡು ಗುಂಡಿ ಮೂಡಿದವು. ಇಬ್ಬರಿಗೂ ಬಾಗಿಲು ತೆರೆಯಬೇಕೆ? ತೆರೆಯಲಿ. ಬೇಡ. ಎರಡನೆಯದರ ಪಟ್ಟಿ ಅವರ ಕಣ್ಣೆದುರೇ ಉದ್ದವಾಗತೊಡಗಿತು.

ಸ್ಪೀಕರು ಕೆಮ್ಮಿತು. “ಚೆನ್ನಾಗಿ ಬರ್ತಿದೆ, ದಫೇದಾರಮ್ಮ. ನಿಜವಾಗ್ಲೂ.” ಯಜಮಾನನ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. ಬೆಳೆ ನೋಡಿದ ಒಕ್ಕಲಿಗನ ಸಮಾಧಾನವಿತ್ತು. “ನಾನು ಮಾತಾಡೋದು ಅವರಿಗೆ ಕೇಳಲ್ಲ, ಹೆದರ್ಬೇಡಿ. ಮುಂದುವರಿಸಿ.”

“ಯಜಮಾನ್ರೇ, ಬಾಗಿಲು ತೆಗೀರಿ. ಗಾಳಿ ಇಲ್ಲ ಇಲ್ಲಿ.”

“ಓಟು ಮುಗೀಲಿ. ಜನ ಏನಂತಾರೋ ಹಾಗೆ. ನಾನ್ಯಾರು?”

ದಫೇದಾರಮ್ಮ ಬಾಗಿಲಿಗೆ ಹೆಗಲು ಕೊಟ್ಟು ತಳ್ಳಿದಳು. ಚಳಿಯನ್ನೇ ಹಿಡಿದಿಟ್ಟಿದ್ದ ಬಾಗಿಲು ಅದು. ಆಕೆಯ ಹೆಗಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೆರಳು ತೂರಿಸಿದಾಗ ತೂತಿನೊಳಗೆ ಚಿಲಕದ ಕಬ್ಬಿಣ ತಣ್ಣಗೆ ತಾಗಿತು. ಹಿಡಿಕೆಯೊಂದಿದ್ದರೆ ತಿರುಗುತ್ತಿತ್ತು. ಕೈಯಲ್ಲಿ ಏನೂ ಇರಲಿಲ್ಲ.

“ಹೋದ ವಾರ ಓಟಿನವರೆಗೆ ನಾನು ಕೇಳ್ಲಿಲ್ಲ. ಯಾವುದರ ಮೇಲೆ ಹಾಕ್ಸಿದ್ರು?” ಎಂದು ಆಕೆ ಇದ್ದಕ್ಕಿದ್ದಂತೆ ಕೇಳಿದಳು.

“ಸೊಸೇನ ಹುಡುಕಿಕೊಂಡು ಯಾರಾದ್ರೂ ಬರಬೇಕಾ ಅಂತ. ಬರ್ಲಿ ಅಂದ್ರು ಎಲ್ರೂ. ಪತ್ತೇದಾರಿಕೆ ಬರೆಯೋಕೆ ನನಗೆ ಬರಲ್ಲ ಚಿಕ್ಕಪ್ಪ ಅಂದೆ. ಅದನ್ನ ನಾನು ನೋಡ್ಕೋತೀನಿ ಬಿಡು ಅಂದ್ರು.”

ದಫೇದಾರಮ್ಮ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತಳು. ಹಬೆಯೇಳುತ್ತಿದ್ದ ಆ ಎರಡನೆಯ ಲೋಟ ಕಣ್ಣಿಗೆ ಕಟ್ಟಿತು. ಆಕೆ ಅದನ್ನು ಮುಟ್ಟಿರಲಿಲ್ಲ. ಆದರೂ ಅದರ ಅಂಚಿನಲ್ಲಿ ಯಾರೋ ಆಗಲೇ ಕುಡಿದ ಗುರುತಿತ್ತಲ್ಲ?

“ಅಮ್ಮಾ” ಎಂದಳು ಹುಡುಗಿ ಪಿಸುಮಾತಿನಲ್ಲಿ. “ಇದನ್ನ ನೋಡಿ.”

ಚುಟುಕು ಕಾಮೆಂಟುಗಳ ನಡುವೆ ಒಂದು ಉದ್ದನೆಯದು ಬಂದಿತ್ತು. ಪರದೆ ತುಂಬಿ ಇನ್ನೂ ಕೆಳಕ್ಕೆ ಹರಿದಿತ್ತು. ಬರೆದವರ ಹೆಸರಿಲ್ಲ, ಚಿತ್ರವಿಲ್ಲ.

‘ಜೋಳ ಕುಯ್ದ ಹೊಲದಲ್ಲಿ ನೋಡುವುದಕ್ಕೇನೂ ಇರುವುದಿಲ್ಲ ಎನ್ನುತ್ತಾರೆ. ಇರುತ್ತದೆ. ಬಿತ್ತಿದವನ ಕೈ ಎಲ್ಲಿ ನಡುಗಿತ್ತು, ಎಲ್ಲಿ ಅವನು ಯಾರನ್ನೋ ನೋಡಿ ಸಾಲು ತಪ್ಪಿದ ಎಂಬುದೆಲ್ಲ ಕೂಳೆ ಉಳಿದಾಗಲೇ ತಿಳಿಯುವುದು. ಗೊರವಂಕಗಳು ಉದುರಿದ ಕಾಳು ಹುಡುಕುತ್ತ ಸಾಲಿನ ನಡುವೆ ನಡೆಯುತ್ತವೆ. ಹಾರಿಹೋಗುವಷ್ಟು ಅವಸರ ಅವಕ್ಕಿಲ್ಲ. ಮೆದೆಯ ನೆರಳು ಮಧ್ಯಾಹ್ನದ ಹೊತ್ತಿಗೆ ಅದರ ಕಾಲಡಿಯಲ್ಲೇ ಮುದುಡಿಕೊಳ್ಳುತ್ತದೆ...’

‘ಯಾರಪ್ಪಾ ಇದು, ಕೊರೆತ’ ಎಂದಿತು ಕೆಳಗೊಂದು ಕಾಮೆಂಟು. ‘ಸ್ಕಿಪ್’ ಎಂದಿತು ಇನ್ನೊಂದು.

“ಯಾವನೋ ಹೊಲದ ಪುರಾಣ ಶುರು ಮಾಡಿದ್ದಾನೆ” ಎಂದಿತು ಸ್ಪೀಕರು. “ಅದನ್ನ ಓದ್ತಾ ಕೂರಬೇಡಿ. ಗೆರೆ ಇಳಿಯುತ್ತೆ. ಏನಾದ್ರೂ ಮಾತಾಡ್ತಿರಿ.”

ಹುಡುಗಿ ಓದುತ್ತಲೇ ಇದ್ದಳು. ಅವಳ ಬೆರಳು ಪರದೆಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿತ್ತು. ಗೊರವಂಕ ದಾಟಿತು, ಬದುವಿನ ಗರಿಕೆ ದಾಟಿತು, ಒಣಗಿದ ದಂಟಿನ ವಾಸನೆಯ ಬಗ್ಗೆ ನಾಲ್ಕಾರು ಸಾಲು ದಾಟಿತು. ಆಮೇಲೆ, ಅದೇ ನಿಧಾನದಲ್ಲಿ, ಉಸಿರೂ ಬದಲಾಗದ ಹಾಗೆ:

‘ಮಗು, ಬಾಗಿಲಿನ ಹಿಡಿಕೆಯನ್ನು ನಾನು ಒಯ್ಯಲಿಲ್ಲ. ಅವನು ಬಾಗಿಲು ಹಾಕಿಬಿಟ್ಟಾನೆಂದು ಹೆದರಿ ಗಾಳಿಕಿಂಡಿಯ ಪಕ್ಕದ ಗೋಣಿಯ ಹಿಂದೆ ಸಿಕ್ಕಿಸಿಟ್ಟಿದ್ದೆ. ನಿನಗೆ ಹೇಳುವಷ್ಟರಲ್ಲಿ ನನ್ನನ್ನು ಹೊರಗೆ ಹಾಕಿದ. ಹೊಲದ ಮಾತಿನ ನಡುವೆ ಬರೆದರೆ ಅವನು ಓದುವುದಿಲ್ಲವೆಂದು ಇಲ್ಲಿ ಬರೆದಿದ್ದೇನೆ.’

ಹುಡುಗಿಯ ಕಣ್ಣು ತುಂಬಿತು. “ಅತ್ತೆ” ಎಂದಳು, ತುಟಿ ಮಾತ್ರ ಆಡಿಸಿ.

ದಫೇದಾರಮ್ಮ ಬಾಯಿ ಮೇಲೆ ಬೆರಳಿಟ್ಟಳು. ಆಮೇಲೆ ದೊಡ್ಡ ದನಿಯಲ್ಲಿ, ಮೈಕಿಗೆ ಕೇಳುವಂತೆ, ತನ್ನ ಮಂಡಿ ನೋವಿನ ವಿಚಾರ ಶುರು ಮಾಡಿದಳು. ಯಾವ ಎಣ್ಣೆ ತಿಕ್ಕಿದೆ, ಯಾವ ಡಾಕ್ಟರು ಏನಂದ ಎಂದು ಹೇಳುತ್ತ ಹೇಳುತ್ತ ಬಕೆಟ್ಟನ್ನು ಗೋಡೆಯ ಬುಡಕ್ಕೆ ಸರಿಸಿ, ಮೇಲೆ ಹತ್ತಿ ನಿಂತಳು. ಗೋಣಿಯ ಹಿಂದೆ ಕೈ ತೂರಿಸಿದಳು. ಜೇಡರ ಬಲೆ ಸಿಕ್ಕಿತು, ಬೆಂಡಿನ ಪುಡಿ ಸಿಕ್ಕಿತು. ಆಮೇಲೆ ಬೆರಳಿಗೆ ಕಬ್ಬಿಣ ತಾಗಿತು.

ಹಿಡಿಕೆ ಭಾರವಾಗಿತ್ತು. ಸೆರಗಿನಲ್ಲಿ ಒರೆಸಿ, ಎಣ್ಣೆಯ ಮಾತು ನಿಲ್ಲಿಸದೆ, ಆಕೆ ಅದನ್ನು ಚೌಕದ ತೂತಿಗೆ ಇಳಿಸಿದಳು. ಸದ್ದಿಲ್ಲದೆ ಕೂತುಕೊಂಡಿತು.

ಹುಡುಗಿ ಆಕೆಯ ತೋಳು ಹಿಡಿದಳು. ಟ್ಯಾಬನ್ನು ಮುಖದ ಹತ್ತಿರ ತಂದಳು. ಕಾಮೆಂಟಿನ ಕೊನೆಯ ಸಾಲುಗಳು ಇನ್ನೂ ಉಳಿದಿದ್ದವು.

‘ತಿರುಗಿಸುವ ಮೊದಲು ಯೋಚನೆ ಮಾಡಿ. ನಾನು ಮೆದೆಯ ಹಿಂದೆ ಕೂತಿದ್ದೇನೆ. ಇಲ್ಲಿಂದ ಗೋದಾಮಿನ ಜಗಲಿ ಪೂರ್ತಿ ಕಾಣುತ್ತದೆ. ಅಲ್ಲಿ ಅವನೊಬ್ಬನೇ ಇಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಲೋಟದಲ್ಲಿ ಚಹಾ ಕುಡಿಯುತ್ತ, ನಿಮ್ಮನ್ನು ಇಲ್ಲಿಗೆ ಕಳಿಸಿದ ನನ್ನ ಅಕ್ಕ ಕೂತಿದ್ದಾಳೆ.’

ದಫೇದಾರಮ್ಮನ ಬಾಯಲ್ಲಿದ್ದ ಮಾತು ಅಲ್ಲಿಗೇ ನಿಂತಿತು. ಕೈ ಹಿಡಿಕೆಯ ಮೇಲೇ ಇತ್ತು.

ಸ್ಪೀಕರು ಮತ್ತೆ ಕೆಮ್ಮಿತು. ಈ ಸಲ ಬಂದದ್ದು ಗಂಡುದನಿಯಲ್ಲ. ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಕೇಳಿಕೊಂಡಿದ್ದ ಅದೇ ಮೆದು ದನಿ.

“ಯಾಕೆ ನಿಲ್ಲಿಸಿದ್ರಿ, ದಫೇದಾರಮ್ಮ? ಜನ ಕೇಳ್ತಿದ್ದಾರೆ.”